ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ಕಾಲೇಜು ಪತ್ರಿಕೆಯ ಈ ಸಲದ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಅವರವರ ಭಾಷೆಯಲ್ಲೇ ಬರೆಯಬಹುದು ಅಂದರು. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಇಲ್ಲಿ ಮೆಕಾಟ್ರಾನಿಕ್ಸ್, ಅಂದರೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಪ್ರೋಗ್ರಾಮಿಂಗ್ ಮೂರೂ ಸೇರಿದ ವಿಷಯ, ಓದಲು ಬಂದಾಗ ಯಾರೂ ನನ್ನ ಹಳೆಯ ಅಂಕಪಟ್ಟಿ ಕೇಳಲಿಲ್ಲ. ಗಣಿತದ್ದೊಂದು ಚಿಕ್ಕ ಪರೀಕ್ಷೆ ಇತ್ತು. ಅದೂ ಪಾಸು ಫೇಲು ಮಾಡಲಿಕ್ಕಲ್ಲ, ಯಾವ ಗಣಿತದ ತರಗತಿಯಲ್ಲಿ ಕೂರಿಸಬೇಕು ಅಂತ ತಿಳಿಯಲಿಕ್ಕೆ. ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಗುಣವೇ ಅದು. ಇವುಗಳಲ್ಲಿ ಈಗಲೂ ನಡೆಯುತ್ತಿರುವ ಅತಿ ಹಳೆಯ ಸರ್ಕಾರಿ ಕಾಲೇಜು ಇಲಿನಾಯ್‌ನ ಜೋಲಿಯೆಟ್‌ನದು, 1901ರದ್ದು. ಎರಡು ವರ್ಷದ ಓದು, ಕೊನೆಗೆ ಅಸೋಸಿಯೇಟ್ ಡಿಗ್ರಿ. ಬೇಕಾದವರು ಮುಂದೆ ಯೂನಿವರ್ಸಿಟಿಗೆ ಹೋಗಬಹುದು. ನಮ್ಮ ತರಗತಿಯಲ್ಲಿ ಆ ಯೋಚನೆ ಇದ್ದವರು ಕಡಿಮೆ. ಹೆಚ್ಚಿನವರಿಗೆ ಬೇಕಾಗಿದ್ದದ್ದು ಕೆಲಸ, ಅಥವಾ ಇರುವ ಕೆಲಸಕ್ಕಿಂತ ಒಂಚೂರು ಒಳ್ಳೆಯ ಕೆಲಸ.

ಸಂಜೆಯ ತರಗತಿಗಳು. ಪಕ್ಕದಲ್ಲಿ ಕೂರುತ್ತಿದ್ದವನಿಗೆ ಆಗಷ್ಟೇ ಹೈಸ್ಕೂಲು ಮುಗಿದಿತ್ತು. ಹಿಂದಿನ ಸಾಲಿನಲ್ಲಿ ಸೈನ್ಯದಿಂದ ಬಂದವರು, ವೆಲ್ಡಿಂಗ್ ಮಾಡುತ್ತಿದ್ದವರು, ಗೋದಾಮಿನಲ್ಲಿ ಸಾಮಾನು ಎತ್ತಿ ಎತ್ತಿ ಬೆನ್ನು ನೋಯಿಸಿಕೊಂಡವರು. ಒಬ್ಬ ಹಿರಿಯರು ರಾತ್ರಿ ಪಾಳಿಗೆ ಹೋಗುವ ದಾರಿಯಲ್ಲೇ ಕಾಲೇಜಿಗೆ ಬರುತ್ತಿದ್ದರು, ಕಾಲಲ್ಲಿ ಸೇಫ್ಟಿ ಬೂಟು ಹಾಕಿಕೊಂಡೇ. ಅವರಿಗೆ ಟ್ರಿಗೊನಾಮೆಟ್ರಿ ಕಂಡರೆ ಆಗುತ್ತಿರಲಿಲ್ಲ. ಆದರೆ ಮೋಟಾರಿನ ಹತ್ತಿರ ಸುಮ್ನೆ ನಿಂತು ಕೇಳಿಸಿಕೊಂಡು, ಯಾವ ಬೇರಿಂಗ್ ಹೋಗುತ್ತಿದೆ ಅಂತ ಹೇಳುತ್ತಿದ್ದರು. ನಾವು ಅವರಿಗೆ ಸೈನ್, ಕೊಸೈನ್ ಹೇಳಿಕೊಟ್ಟೆವು. ಅವರು ನಮಗೆ ಕಿವಿ ಉಪಯೋಗಿಸುವುದನ್ನು ಹೇಳಿಕೊಟ್ಟರು. ಈ ವ್ಯವಹಾರದಲ್ಲಿ ಲಾಭ ನಮಗೇ ಜಾಸ್ತಿ.

ಲ್ಯಾಬಿನಲ್ಲಿ ಮೊದಲು ಕೈಗೆ ಬಂದದ್ದು ಸ್ಕ್ರೂಡ್ರೈವರ್ ಅಲ್ಲ, ಬೀಗ. ಪ್ರತಿಯೊಬ್ಬರಿಗೂ ಒಂದೊಂದು, ಪ್ರತಿ ಬೀಗಕ್ಕೂ ಬೇರೆಯದೇ ಒಂದೇ ಒಂದು ಕೀಲಿ. ಯಂತ್ರದೊಳಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು, ಹೆಸರು ಬರೆದ ಚೀಟಿ ತೂಗುಹಾಕಬೇಕು. ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಇದು ಕಾಲೇಜಿನ ಶಿಸ್ತು ಮಾತ್ರ ಅಲ್ಲ, 1989ರಲ್ಲಿ ಇಲ್ಲಿನ ಕೇಂದ್ರ ಸರ್ಕಾರ ತಂದ ನಿಯಮ. ಬೀಗ ಹಾಕಿದರೂ ಮುಗಿಯಲಿಲ್ಲ. ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು ಅದು ಸರಿಯಾಗಿದೆ ಅಂತ ನೋಡಬೇಕು. ಆಮೇಲೆ ಆಫ್ ಮಾಡಿದ ಕಡೆ ಅಳೆಯಬೇಕು. ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡಬೇಕು. ಮಧ್ಯದಲ್ಲಿ ಮೀಟರೇ ಸತ್ತುಹೋಗಿದ್ದರೆ? ಅದು ಸೊನ್ನೆ ತೋರಿಸುತ್ತದೆ, ನೀವು ನಂಬುತ್ತೀರಿ.

ಕರೆಂಟ್ ಹೋದರೂ ಯಂತ್ರದ ಪೈಪುಗಳಲ್ಲಿ ಒತ್ತಡದ ಗಾಳಿ ಉಳಿದಿರುತ್ತದೆ ಅನ್ನುವುದು ಹೊಸಬರಿಗೆ ಹೊಳೆಯುವುದೇ ಇಲ್ಲ. ಆ ಗಾಳಿಯಿಂದ ತಳ್ಳುವ 32 ಮಿ.ಮೀ. ವ್ಯಾಸದ ಸಿಲಿಂಡರ್ ನೋಡಲಿಕ್ಕೆ ಏನೂ ಅಲ್ಲ, ಅಂಗೈಯಲ್ಲಿ ಹಿಡಿಯಬಹುದು. 6 ಬಾರ್ ಒತ್ತಡದಲ್ಲಿ ಅದು ಸುಮಾರು 480 ನ್ಯೂಟನ್ ಬಲದಿಂದ ತಳ್ಳುತ್ತದೆ. ಹತ್ತಿರಹತ್ತಿರ 50 ಕೆ.ಜಿ. ಭಾರ ಬೆರಳ ಮೇಲೆ ಬಿದ್ದ ಹಾಗೆ. ಮೇಷ್ಟ್ರು ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿದರು. ಆಮೇಲೆ ಒಂದು ಮರದ ಪೆನ್ಸಿಲನ್ನು ಸಿಲಿಂಡರಿನ ಮುಂದೆ ಇಟ್ಟು ವಾಲ್ವ್ ಒತ್ತಿದರು. ಆ ಲೆಕ್ಕ ಯಾರೂ ಮರೆತಿರಲಾರರು.

ಮೊದಲ ಸೆಮಿಸ್ಟರಿನ ಡಿಸಿ ಸರ್ಕ್ಯೂಟು, ಡ್ರಾಯಿಂಗು, ಬೆಸುಗೆ ಇವೆಲ್ಲ ಬಂದವು, ಹೋದವು. ನನಗೆ ನಿಜವಾಗಿ ರುಚಿ ಹತ್ತಿದ್ದು ರಿಲೇ ಬೋರ್ಡಿನಲ್ಲಿ. ರಿಲೇ ಅಂದರೆ ಕರೆಂಟ್ ಕೊಟ್ಟಾಗ ತಾನೇ ಬದಲಾಗುವ ಸ್ವಿಚ್ಚು. ಹಳೆಯ ಕಬ್ಬಿಣದ ಚೌಕಟ್ಟು, ಅದರಲ್ಲಿ ಸಾಲಾಗಿ ಪಾರದರ್ಶಕ ರಿಲೇಗಳು. ಸ್ಟಾರ್ಟ್ ಬಟನ್ ಒತ್ತಿದರೆ ರಿಲೇ ಟಕ್ ಅಂತ ಎಳೆದುಕೊಳ್ಳುತ್ತದೆ. ಅದರದ್ದೇ ಒಂದು ಕಾಂಟ್ಯಾಕ್ಟ್, ಅಂದರೆ ಒಳಗಿನ ಸ್ವಿಚ್ಚು, ಸ್ಟಾರ್ಟ್ ಬಟನ್ನಿಗೆ ಸಮಾಂತರವಾಗಿ ಇರುವುದರಿಂದ ಬೆರಳು ತೆಗೆದರೂ ಮೋಟಾರು ಓಡುತ್ತಲೇ ಇರುತ್ತದೆ. ಕರೆಂಟ್ ಹೋದರೆ ರಿಲೇ ಬಿಟ್ಟುಕೊಡುತ್ತದೆ. ಕರೆಂಟ್ ವಾಪಸ್ ಬಂದಾಗ ಮೋಟಾರು ತಾನಾಗಿ ಶುರುವಾಗುವುದಿಲ್ಲ, ಯಾರಾದರೂ ಮತ್ತೆ ಸ್ಟಾರ್ಟ್ ಒತ್ತಬೇಕು. ಮೂರು ನಾಲ್ಕು ತಂತಿಯಲ್ಲಿ ಇಷ್ಟೊಂದು ಬುದ್ಧಿ ಇದೆಯಲ್ಲ ಅಂತ ನನಗೆ ಆಶ್ಚರ್ಯವಾಗಿತ್ತು. ಸ್ಟಾಪ್ ಬಟನ್ನಿನ ಸಂಗತಿ ಇನ್ನೂ ಚೆನ್ನ. ಯಂತ್ರ ಓಡುವಾಗ ಅದರಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಒತ್ತಿದರೆ ಕಡಿಯುತ್ತದೆ. ಉಲ್ಟಾ ಅಲ್ವಾ ಅಂತ ಮೊದಲು ಅನ್ನಿಸುತ್ತದೆ. ಆದರೆ ಆ ತಂತಿ ತುಂಡಾದರೆ ಯಂತ್ರ ನಿಲ್ಲುತ್ತದೆ. ಬೇರೆ ರೀತಿ ಜೋಡಿಸಿದ್ದರೆ, ತಂತಿ ತುಂಡಾಗಿದ್ದು ಗೊತ್ತಾಗುವುದು ನಿಲ್ಲಿಸಲು ಹೋಗಿ ಯಂತ್ರ ನಿಲ್ಲದಿದ್ದಾಗಲೇ.

ಸೆನ್ಸರ್ ಸಿಗ್ನಲ್ಲಿನಲ್ಲೂ ಇದೇ ಯೋಚನೆ. ಟ್ಯಾಂಕಿನ ಮಟ್ಟದಂಥ ಅಳತೆಯನ್ನು ಸೆನ್ಸರ್ 4ರಿಂದ 20 ಮಿಲಿಆಂಪ್ ಕರೆಂಟಾಗಿ ಕಳಿಸುತ್ತದೆ. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ ಅಂತ ಯಾರೋ ಕೇಳಿದರು. ಟ್ಯಾಂಕ್ ಖಾಲಿ ಇದ್ದರೆ 4 ಬರುತ್ತದೆ, ತಂತಿ ಕಡಿದಿದ್ದರೆ 0 ಬರುತ್ತದೆ. ಸೊನ್ನೆಯಿಂದ ಶುರು ಮಾಡಿದ್ದರೆ ಎರಡೂ ಒಂದೇ ಥರ ಕಾಣುತ್ತಿದ್ದವು.

ರಿಲೇ ಆದಮೇಲೆ ಪಿಎಲ್‌ಸಿ, ಅಂದರೆ ಯಂತ್ರಗಳನ್ನು ಪ್ರೋಗ್ರಾಮಿನಿಂದ ನಡೆಸುವ ಕಾರ್ಖಾನೆಯ ಕಂಪ್ಯೂಟರ್. ಅದರ ಹುಟ್ಟಿನ ಕಥೆಯನ್ನು ಮೇಷ್ಟ್ರು ಇಷ್ಟಪಟ್ಟು ಹೇಳುತ್ತಿದ್ದರು. ಕಾರಿನ ಮಾಡೆಲ್ ಬದಲಾದಾಗಲೆಲ್ಲ ಕಾರ್ಖಾನೆಯಲ್ಲಿ ಗೋಡೆಯುದ್ದದ ರಿಲೇ ಪ್ಯಾನೆಲ್ಲುಗಳ ತಂತಿ ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು. 1968ರಲ್ಲಿ ಜನರಲ್ ಮೋಟಾರ್ಸ್‌ನ ಗೇರ್‌ಬಾಕ್ಸ್ ವಿಭಾಗ ಇದಕ್ಕೊಂದು ಬದಲಿ ಬೇಕು ಅಂತ ಕೇಳಿತು. ಡಿಕ್ ಮೋರ್ಲಿ ಮತ್ತು ಅವರ ಜೊತೆಗಾರರು ಮಾಡಿಕೊಟ್ಟ ಯಂತ್ರದ ಹೆಸರು ಮೋಡಿಕಾನ್ 084. ಅದು ಮೋರ್ಲಿಯವರ ಕಂಪನಿಯ 84ನೇ ಪ್ರಾಜೆಕ್ಟು, ಅದಕ್ಕೇ ಆ ನಂಬರು. ಅದರ ಪ್ರೋಗ್ರಾಮನ್ನು ರಿಲೇ ಡ್ರಾಯಿಂಗಿನ ಥರವೇ, ಏಣಿಯ ಆಕಾರದಲ್ಲಿ ಬರೆಯಬಹುದಿತ್ತು. ಕಾರ್ಖಾನೆಯ ಎಲೆಕ್ಟ್ರಿಷಿಯನ್ನರಿಗೆ ಅದು ಓದಲು ಬರುತ್ತಿತ್ತು. ಆ ಏಣಿ ಇವತ್ತಿಗೂ ಹೋಗಿಲ್ಲ. 1993ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂದಾಗಲೂ ಐದು ಭಾಷೆಗಳಲ್ಲಿ ಲ್ಯಾಡರ್ ಒಂದಾಗಿ ಉಳಿಯಿತು. ಕಂಪ್ಯೂಟರ್ ಸೈನ್ಸಿನ ಹುಡುಗರು ಇದನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ನಡುರಾತ್ರಿ ಲೈನ್ ನಿಂತಾಗ, ಸ್ಕ್ರೀನ್ ಮೇಲೆ ಯಾವ ಕಾಂಟ್ಯಾಕ್ಟ್ ಹಸಿರಾಗಿದೆ, ಎಲ್ಲಿ ತಡೆದಿದೆ ಅಂತ ಒಂದು ನೋಟಕ್ಕೆ ತೋರಿಸುವ ಭಾಷೆ ಅದು.

ಎರಡನೇ ವರ್ಷದ ಸಾರ್ಟಿಂಗ್ ಸ್ಟೇಷನ್ನಿನ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ. ಬೆಲ್ಟಿನ ಮೇಲೆ ಉಕ್ಕಿನ, ಅಲ್ಯೂಮಿನಿಯಂನ, ಪ್ಲಾಸ್ಟಿಕ್ಕಿನ ತುಂಡುಗಳು ಬರುತ್ತವೆ. ಲೋಹದವು ಒಂದು ಕಡೆಗೆ, ಪ್ಲಾಸ್ಟಿಕ್ ಇನ್ನೊಂದು ಕಡೆಗೆ ಹೋಗಬೇಕು. ಲೋಹ ಕಂಡುಹಿಡಿಯಲು ಒಂದು ಇಂಡಕ್ಟಿವ್ ಸೆನ್ಸರ್. ಉಕ್ಕು ಒಂದೂ ತಪ್ಪುತ್ತಿರಲಿಲ್ಲ. ಅಲ್ಯೂಮಿನಿಯಂ ಮಾತ್ರ ಆಗೊಮ್ಮೆ ಈಗೊಮ್ಮೆ ಪ್ಲಾಸ್ಟಿಕ್ ಡಬ್ಬಿಗೆ ಹೋಗಿ ಬೀಳುತ್ತಿತ್ತು.

ನಮ್ಮ ಗುಂಪಿನಲ್ಲಿ ಮೂರು ಪಂಗಡ ಆಯಿತು. ಪ್ರೋಗ್ರಾಮಿಂಗ್ ಇಷ್ಟಪಡುವವನು, ಒಂದು ಟೈಮರ್ ಹಾಕಿ ಸಿಗ್ನಲ್ ಹಿಡಿದಿಟ್ಟುಕೊಳ್ಳೋಣ ಅಂದ. ವೈರಿಂಗ್‌ನವನಿಗೆ ಟರ್ಮಿನಲ್ ಸಡಿಲ ಇದೆ ಅಂತ ಅನುಮಾನ. ಮೆಕ್ಯಾನಿಕಲ್ ಕಡೆಯಿಂದ ಬಂದಾಕೆಗೆ ಸೆನ್ಸರೇ ಕೆಟ್ಟಿದೆ, ಬದಲಾಯಿಸಿಬಿಡಿ ಅಂತ. ಮೇಷ್ಟ್ರು ಬಂದರು. ವಾದವನ್ನೆಲ್ಲ ಕೇಳಿದರು. ಸೆನ್ಸರಿನ ಮೂತಿಗೂ ತುಂಡಿಗೂ ಮಧ್ಯೆ ಎಷ್ಟು ಅಂತರ ಇದೆ ಅಂತ ಕೇಳಿ ಹೊರಟುಹೋದರು.

ಅಳೆದಾಗ 2 ಮಿ.ಮೀ. ಇತ್ತು. ಸೆನ್ಸರಿನ ಮೇಲೆ 4 ಮಿ.ಮೀ. ಅಂತ ಬರೆದಿತ್ತು. ಹಾಗಾದರೆ ಸರಿಯಾಗೇ ಇದೆಯಲ್ಲ? ಡೇಟಾ ಶೀಟ್ ತೆಗೆದು ಓದಿದೆವು. ಆ 4 ಮಿ.ಮೀ. ಉಕ್ಕಿಗೆ ಮಾತ್ರ. ಅಲ್ಯೂಮಿನಿಯಂಗೆ ಅದನ್ನು ಸುಮಾರು 0.4ರಿಂದ ಗುಣಿಸಬೇಕು. ಅಂದರೆ 1.6 ಮಿ.ಮೀ. ಆದರೂ ಕೆಲವು ತುಂಡುಗಳು ಹೇಗೆ ಸಿಗುತ್ತಿದ್ದವು? ಬೆಲ್ಟಿನ ಪಕ್ಕದ ಗೈಡ್ ಸ್ವಲ್ಪ ಸಡಿಲವಿತ್ತು. ತುಂಡು ಅಡ್ಡಾಡುತ್ತಾ ಬರುತ್ತಿತ್ತು, ಹತ್ತಿರ ಬಂದರೆ ಕಾಣುತ್ತಿತ್ತು, ದೂರ ಹೋದರೆ ಇಲ್ಲ. ಗೈಡ್ ಬಿಗಿ ಮಾಡಿ, ಸೆನ್ಸರನ್ನು 1 ಮಿ.ಮೀ.ಗೆ ತಂದೆವು. ಅಷ್ಟೇ. ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾಗಲಿಲ್ಲ, ಸೆನ್ಸರೂ ಹೊಸದು ಬೇಕಾಗಲಿಲ್ಲ.

ಗಮನಿಸಿ, ಇದು ಪ್ರೋಗ್ರಾಮಿನ ದೋಷ ಅಲ್ಲ. ಎಲೆಕ್ಟ್ರಿಕಲ್ ದೋಷವೂ ಅಲ್ಲ. ಬರೀ ಮೆಕ್ಯಾನಿಕಲ್ ಅನ್ನೋಣ ಅಂದರೆ, ಅದೇ ಸಡಿಲ ಗೈಡಿನಲ್ಲಿ ಉಕ್ಕು ಸರಿಯಾಗಿ ಹೋಗುತ್ತಿತ್ತು. ಎರಡು ವಿಷಯ ಸೇರುವ ಸಂದಿಯಲ್ಲಿ ಅದು ಕೂತಿತ್ತು. ಈಗ ನಾನು ಪ್ಯಾಕೇಜಿಂಗ್ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಮಾಡುತ್ತೇನೆ. ನನ್ನನ್ನು ಸತಾಯಿಸುವ ದೋಷಗಳೆಲ್ಲ ಇದೇ ಜಾತಿಯವು. ಮೋಟಾರು ಸುಟ್ಟರೆ ವಾಸನೆ ಬರುತ್ತದೆ, ಫ್ಯೂಸ್ ಹೋದರೆ ಮೀಟರ್ ಹೇಳುತ್ತದೆ. ಸಂದಿಯಲ್ಲಿ ಕೂತವು ಮಾತ್ರ ಯಾರ ಡಿಪಾರ್ಟ್‌ಮೆಂಟಿಗೂ ಸೇರುವುದಿಲ್ಲ. ಪ್ರತಿಯೊಬ್ಬರೂ ನಮ್ಮ ಕಡೆ ಸರಿ ಇದೆ ಅನ್ನುತ್ತಾರೆ, ಅದು ನಿಜವೂ ಆಗಿರುತ್ತದೆ.

ಅದಕ್ಕೇ ನಮ್ಮ ಕೋರ್ಸಿನಲ್ಲಿ ದೋಷ ಹುಡುಕುವ ಪರೀಕ್ಷೆಗೆ ಅಷ್ಟು ಬೆಲೆ ಇತ್ತು. ಅಭ್ಯಾಸದ ಯಂತ್ರದ ಹಿಂದೆ ಬೀಗ ಹಾಕಿದ ಡಬ್ಬಿ, ಅದರೊಳಗೆ ಸ್ವಿಚ್ಚುಗಳು. ಮೇಷ್ಟ್ರು ಯಾವುದನ್ನೋ ಒತ್ತಿ ಡಬ್ಬಿ ಮುಚ್ಚುತ್ತಿದ್ದರು. ನಾವು ಮೊದಲು ಏನಾಗುತ್ತಿದೆ, ಏನಾಗುತ್ತಿಲ್ಲ ಅಂತ ಕಾಗದದ ಮೇಲೆ ಬರೆಯಬೇಕು. ಬರೆಯದೆ ತಂತಿ ಮುಟ್ಟಿದವರ ಅಂಕ ಹೋಯಿತು. ಆಮೇಲೆ 24 ವೋಲ್ಟ್ ಹೋಗುವ ದಾರಿಯ ಮಧ್ಯದಲ್ಲಿ ಅಳೆಯಬೇಕು. ಅಲ್ಲಿ ವೋಲ್ಟೇಜ್ ಇದ್ದರೆ ಹಿಂದಿನ ಅರ್ಧ ಬಿಟ್ಟುಬಿಡಿ, ಇಲ್ಲದಿದ್ದರೆ ಮುಂದಿನ ಅರ್ಧ ಬಿಡಿ. ಪಿಎಲ್‌ಸಿ ಇದ್ದ ಕಡೆ ಮಧ್ಯದ ಜಾಗ ಸುಲಭವಾಗಿ ಸಿಗುತ್ತದೆ: ಇನ್‌ಪುಟ್ಟಿನ ಪುಟ್ಟ ಎಲ್‌ಇಡಿ. ಅದು ಹೊತ್ತಿದರೆ ಸೆನ್ಸರ್, ತಂತಿ ಸರಿಯಾಗಿವೆ, ಪ್ರೋಗ್ರಾಮ್ ಅಥವಾ ಔಟ್‌ಪುಟ್ ಕಡೆ ನೋಡಿ. ಹೊತ್ತದಿದ್ದರೆ ಲ್ಯಾಪ್‌ಟಾಪ್ ತೆರೆಯುವುದೇ ದಂಡ.

ಸೇಫ್ಟಿ ಬೂಟಿನ ಹಿರಿಯರು ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ನಿಧಾನ. ಆದರೆ ಅವರ ಉತ್ತರ ತಪ್ಪುತ್ತಿರಲಿಲ್ಲ. ಅನುಮಾನ ಬಂದ ಭಾಗವನ್ನೆಲ್ಲ ಬದಲಾಯಿಸುತ್ತಾ ಹೋಗುವವರು ಎಷ್ಟು ದುಬಾರಿ ಅಂತ ಅವರಿಗೆ ಕಾರ್ಖಾನೆಯಲ್ಲಿ ಗೊತ್ತಾಗಿತ್ತು. ಹೊಸ ಭಾಗ ಹಾಕಿ ಯಂತ್ರ ಓಡಿದರೂ, ಯಾಕೆ ಓಡಿತು ಅಂತ ಗೊತ್ತಿರುವುದಿಲ್ಲ ಅಲ್ವಾ?

ರೋಬೋಟ್ ಬಗ್ಗೆ ಬರೆಯದಿದ್ದರೆ ಸಂಪಾದಕರು ಬಿಡುವುದಿಲ್ಲ. ಹಳದಿ ಬಣ್ಣದ, ಆರು ಕೀಲಿನ ರೋಬೋಟ್, ಸುತ್ತ ಬೇಲಿ, ಬೇಲಿಯ ಈಚೆ ಅತಿಥಿಗಳಿಗೆ ಅಂತ ಎರಡು ಸೋಫಾ. ಕಾಲೇಜಿನ ಪ್ರತಿ ಕರಪತ್ರದಲ್ಲೂ ಅದರದ್ದೇ ಫೋಟೋ. ನಿಜ ಹೇಳಬೇಕೆಂದರೆ ನಾವು ಅದರಿಂದ ಕಲಿತದ್ದು ಕಮ್ಮಿ. ಎಲ್ಲೆಲ್ಲಿಗೆ ಹೋಗಬೇಕು ಅಂತ ಅದಕ್ಕೆ ಪಾಯಿಂಟ್ ಕಲಿಸುವುದು ಒಂದು ವಾರಕ್ಕೆ ಕೈಗೆ ಹತ್ತುತ್ತದೆ. ನನಗೆ ಇಷ್ಟವಾದದ್ದು ಕೈಯಲ್ಲಿ ಹಿಡಿದು ರೋಬೋಟ್ ನಡೆಸುವ ಪೆಂಡೆಂಟಿನ ಹಿಂದಿನ ಸ್ವಿಚ್ಚು. ಹದವಾಗಿ ಒತ್ತಿದ್ದರೆ ಮಾತ್ರ ರೋಬೋಟ್ ಅಲುಗಾಡುತ್ತದೆ. ಬಿಟ್ಟರೆ ನಿಲ್ಲುತ್ತದೆ, ಗಟ್ಟಿಯಾಗಿ ಹಿಡಿದರೂ ನಿಲ್ಲುತ್ತದೆ. ಹೆದರಿದಾಗ ಕೆಲವರು ಕೈ ಬಿಡುತ್ತಾರೆ, ಕೆಲವರು ಮುಷ್ಟಿ ಬಿಗಿ ಹಿಡಿಯುತ್ತಾರೆ. ಇಬ್ಬರ ಬಗ್ಗೆಯೂ ಯಾರೋ ಕೂತು ಯೋಚಿಸಿದ್ದಾರೆ. ಕಲಿಸುವಾಗ ರೋಬೋಟಿನ ವೇಗ ಸೆಕೆಂಡಿಗೆ 250 ಮಿ.ಮೀ. ದಾಟಬಾರದು ಅನ್ನುವ ನಿಯಮವೂ ಅದೇ ಯೋಚನೆಯದು. ಪಕ್ಕಕ್ಕೆ ಸರಿಯಲು ಮನುಷ್ಯನಿಗೆ ಸಮಯ ಸಿಗಬೇಕು.

ಆಕ್ಷೇಪಣೆಗಳೂ ಇವೆ. ಹೈಡ್ರಾಲಿಕ್ಸನ್ನು ಪುಸ್ತಕದಲ್ಲೇ ಮುಗಿಸಿದರು. ಕಾರ್ಖಾನೆಯಲ್ಲಿ ಎಣ್ಣೆ ಸೋರುವ ಪಂಪಿನ ಮುಂದೆ ನಿಂತಾಗ ಆ ಪುಸ್ತಕ ನೆನಪಿಗೆ ಬರಲಿಲ್ಲ. ನೆಟ್‌ವರ್ಕಿಂಗ್‌ಗೆ ಕೊಟ್ಟದ್ದು ತೀರಾ ಕಡಿಮೆ ಸಮಯ. ಈಗ ಸೆನ್ಸರುಗಳೂ ಡ್ರೈವ್‌ಗಳೂ ಈಥರ್ನೆಟ್ ಕೇಬಲ್ಲಿನ ಮೇಲೇ ಮಾತಾಡುತ್ತವೆ, ಹೊಸ ಬ್ಯಾಚಿಗಾದರೂ ಅದನ್ನು ಹೆಚ್ಚಿಸಲಿ. ರಿಪೋರ್ಟ್ ಬರೆಸುತ್ತಿದ್ದದ್ದಕ್ಕೆ ಆಗ ಎಲ್ಲರೂ ಗೊಣಗಿದೆವು. ಈಗ ಪಾಳಿ ಮುಗಿಸಿ ಹೋಗುವಾಗ, ಮುಂದಿನವರಿಗೆ ಅರ್ಥವಾಗುವ ಹಾಗೆ ನಾಲ್ಕು ಸಾಲು ಬರೆದಿಡಲು ಬರುವುದು ಅದರಿಂದಲೇ.

ಲ್ಯಾಬ್ ಹೊಸದು ಮಾಡುತ್ತಿದ್ದಾರೆ, ರಿಲೇ ಬೋರ್ಡನ್ನು ಗುಜರಿಗೆ ಹಾಕುವ ಮಾತಿದೆ ಅಂತ ಕೇಳಿದೆ. ದಯವಿಟ್ಟು ಹಾಕಬೇಡಿ. ಸ್ಕ್ರೀನಿನಲ್ಲಿ ಲ್ಯಾಡರ್ ಬರೆಯುವ ಹುಡುಗರು ಒಮ್ಮೆಯಾದರೂ ಅದರ ಟಕ್ ಶಬ್ದ ಕೇಳಬೇಕು, ತಂತಿ ಬಿಚ್ಚಿ ಏನಾಗುತ್ತದೆ ಅಂತ ನೋಡಬೇಕು. ಅದಕ್ಕೆ ಲೈಸೆನ್ಸ್ ಬೇಡ, ಅಪ್‌ಡೇಟ್ ಬೇಡ. ಜಾಗ ಸಾಲದಿದ್ದರೆ ಆ ಸೋಫಾಗಳನ್ನು ತೆಗೆಯಿರಿ.