ಚಂದಾವರದ ಫೆಸ್ತಕ್ಕೆ ಅಮ್ಮನ ಜೊತೆ ಬುಲೆಟ್ ಮೇಲೆ

ಹಳೇ ಬುಲೆಟ್ ಸ್ಟಾರ್ಟ್ ಮಾಡೋದಕ್ಕೆ ಬಲಕ್ಕಿಂತ ತಾಳ್ಮೆ ಜಾಸ್ತಿ ಬೇಕು. ಮೊದಲು ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹೋಗಬೇಕು. ಒಂದು ಕಡೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಆಗ ಎಡಗೈಲಿ ಡಿಕಂಪ್ರೆಷನ್ ಲಿವರ್ (ಇಂಜಿನ್ ಒಳಗಿನ ಒತ್ತಡ ಬಿಡುವ ಹಿಡಿ) ಹಿಡಿದು ಇನ್ನೊಂದು ಚೂರು ಒತ್ತಿ, ಹೆಡ್‌ಲೈಟ್ ಮೇಲಿರುವ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂತಾ ಅಂತ ನೋಡಬೇಕು. ಬಂದರೆ ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಲು ಬಿಟ್ಟು, ಒಂದೇ ಸಲ ಪೂರ್ತಿ ಒದೆಯಬೇಕು. ಆತುರ ಮಾಡಿದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ.

ನಮ್ಮದು ಅಪ್ಪನ ಗಾಡಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲ ಗೇರು ಮೇಲಕ್ಕೆ, ಉಳಿದ ಮೂರೂ ಕೆಳಕ್ಕೆ. ಅಪ್ಪ ತೀರಿಹೋದ ಮೇಲೆ ಅದನ್ನು ಮಾರಿಬಿಡಿ ಅಂದವರೇ ಬಹಳ. ಕಾರವಾರದ ಮೀನು ಮಾರ್ಕೆಟ್‌ನಿಂದ ಹಿಡಿದು ಇಗರ್ಜಿಯ (ಚರ್ಚಿನ) ಅಂಗಳದವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ. "ಹೆಣ್ಣುಮಕ್ಕಳಿಗೆ ಸ್ಕೂಟಿ ಸಾಕಲ್ವಾ?" ನಾನು ಮಾರಲಿಲ್ಲ. ಮನೆ ಹಿಂದಿನ ಗದ್ದೆ ದಾರಿಯಲ್ಲಿ ಕಲಿತೆ. ಈಗ ಭಾನುವಾರ ಪೂಜೆ ಮುಗಿಸಿ ಮಾಜಾಳಿ ಕಡೆಗೋ ಕದ್ರಾ ಕಡೆಗೋ ಒಬ್ಬಳೇ ಹೋಗಿ ಬರುತ್ತೇನೆ.

ಆ ಹೊತ್ತಿನಲ್ಲಿ ಸಿಗುವ ಬಿಡುಗಡೆ ನಿಜವಾದದ್ದು. ಅದನ್ನು ಹುಡುಗಾಟ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂಜೆಗೆ ಏನು ಸಾರು, ಕರೆಂಟ್ ಬಿಲ್ ಕಟ್ಟಿದ್ದೀಯಾ, ಮಗನ ಫೀಸು ಏನಾಯಿತು ಅಂತ ಕೇಳುವವರು ಅಲ್ಲಿ ಇರುವುದಿಲ್ಲ. ಪ್ರಾರ್ಥನೆಯೂ ನನಗೆ ಅಲ್ಲೇ ಸಲೀಸು. ಇಗರ್ಜಿಯ ಬೆಂಚಿನಲ್ಲಿ ಕೂತರೆ ನನ್ನ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಗಾಡಿ ಮೇಲೆ ಹಾಗೆ ಹೋಗಲು ಬರುವುದಿಲ್ಲ. ರಸ್ತೆ ನೋಡಲೇಬೇಕು, ಇದ್ದಲ್ಲೇ ಇರಬೇಕು. ಹಾಗೆ ಇದ್ದಾಗ ದೇವರ ಜೊತೆ ಎರಡು ಮಾತು ತಾನಾಗೇ ಬರುತ್ತವೆ.

2024ರ ನವೆಂಬರ್ ಕೊನೆಯಲ್ಲಿ ಒಂದು ರಾತ್ರಿ, ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿಸಿ ಜಪಸರ ಡಬ್ಬಿಗೆ ಹಾಕುತ್ತಾ ಅಮ್ಮ ಹೇಳಿದಳು, "ಈ ಸಲ ಚಂದಾವರದ ಫೆಸ್ತಕ್ಕೆ ನಿನ್ನ ಗಾಡಿಯಲ್ಲೇ ಹೋಗೋಣ."

ಫೆಸ್ತ ಅಂದರೆ ಹಬ್ಬ. ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಕಾರವಾರದಿಂದ ಚಂದಾವರ ಅಂದರೆ ಕುಮಟಾ ದಾಟಿ ಹೋಗಬೇಕು. 70 ಕಿ.ಮೀ.ಗಿಂತ ಜಾಸ್ತಿ. ಅಮ್ಮನಿಗೆ 69. ಸೊಂಟ ನೋವು ಬೇರೆ. ಬಸ್ಸು ಇದೆ, ಮಾವನ ಕಾರಿದೆ ಅಂದೆ. "ಬಸ್ಸು ಅವರ ಟೈಮಿಗೆ, ಕಾರು ನಿನ್ನ ಮಾವನ ಟೈಮಿಗೆ. ನಾನು ನನ್ನ ಟೈಮಿಗೆ ಹೋಗಬೇಕು ಬಾಯೆ," ಅಂದಳು. ಆಮೇಲೆ ನಾನು ಮಾತಾಡಲಿಲ್ಲ. ಈ ಹೆಂಗಸು ಮದುವೆಯಾದ ಮೇಲೆ ಒಂದು ಊರಿಗೂ ತಾನಾಗಿ ಹೊರಟದ್ದನ್ನು ನಾನು ನೋಡಿಲ್ಲ.

ಡಿಸೆಂಬರ್ 3ರ ಬೆಳಿಗ್ಗೆ ಅಮ್ಮ ಕೋಣೆಯಿಂದ ಹೊರಗೆ ಬಂದಾಗ ನನ್ನ ಹಳೇ ಚೂಡಿದಾರ ಹಾಕಿಕೊಂಡಿದ್ದಳು. ಹುಟ್ಟಿದ ಮೇಲೆ ನಾನು ಅವಳನ್ನು ಸೀರೆ ಬಿಟ್ಟು ಬೇರೆ ಬಟ್ಟೆಯಲ್ಲಿ ನೋಡಿರಲಿಲ್ಲ. ಒಂದು ಕಡೆಗೆ ಕಾಲು ಹಾಕಿ ಕೂರೋದು ದೂರದ ದಾರಿಗೆ ಒಳ್ಳೆಯದಲ್ಲ ಅಂತ ನಾನೇ ಹೇಳಿದ್ದೆ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಇದು. ಫೆಸ್ತದ ಸೀರೆ ಮಡಚಿ ಚೀಲಕ್ಕೆ ಹಾಕಿದ್ದಳು, ಅಲ್ಲಿ ಪರಿಚಯದವರ ಮನೆಯಲ್ಲಿ ಉಟ್ಟುಕೊಳ್ಳುವುದಂತೆ. ಹೆಲ್ಮೆಟ್ಟಿನ ಬಕಲ್ ನಾನು ಹಾಕಿದೆ.

ಆ ವಾರ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕರಾವಳಿಗೂ ಬಂದಿತ್ತು. ಒದ್ದೆ ರಸ್ತೆಯಲ್ಲಿ ಹಳೇ ಬುಲೆಟ್ಟಿನ ಡ್ರಮ್ ಬ್ರೇಕ್ ನಂಬುವ ಹಾಗಿಲ್ಲ. ಮೊದಲೇ ಗೇರು ಇಳಿಸಿ ಇಂಜಿನ್ ಮೇಲೆ ವೇಗ ತಗ್ಗಿಸಬೇಕು. ರಸ್ತೆಗೆ ಬಳಿದ ಬಿಳಿ ಪಟ್ಟೆ ಮೇಲೆ ಚಕ್ರ ಹಾಯಿಸಬಾರದು, ಜಾರುತ್ತದೆ. ಬಿಣಗಾ, ಅರಗಾ ದಾಟುವಷ್ಟರಲ್ಲಿ ನನ್ನ ಚಿಂತೆ ಮಳೆಯಿಂದ ಅಮ್ಮನ ಮೇಲೆ ಹೋಯಿತು. ಗಾಡಿ ಎಡಕ್ಕೆ ವಾಲಿದರೆ ಅವಳು ಹೆದರಿ ಬಲಕ್ಕೆ ವಾಲುತ್ತಿದ್ದಳು. ಹಿಂದಿನವರು ಹಾಗೆ ಮಾಡಿದರೆ ಗಾಡಿ ತಿರುವಿನಲ್ಲಿ ಹೊರಗೆ ಎಳೆಯುತ್ತದೆ. ಅಮದಳ್ಳಿ ಹತ್ತಿರ ನಿಲ್ಲಿಸಿ ಹೇಳಿಕೊಟ್ಟೆ. "ರಸ್ತೆ ಯಾವ ಕಡೆ ತಿರುಗುತ್ತೋ ಆ ಕಡೆಯ ನನ್ನ ಭುಜದ ಮೇಲಿಂದ ಮುಂದೆ ನೋಡು. ಬೇರೇನೂ ಮಾಡಬೇಡ." ಕಣ್ಣು ಹೋದ ಕಡೆಗೆ ಮೈ ಹೋಗುತ್ತದೆ. ಓಡಿಸುವವರಿಗೂ ಅದೇ ನಿಯಮ. ಗುಂಡಿ ನೋಡಿದರೆ ಗುಂಡಿಗೇ ಹೋಗುತ್ತೇವೆ.

ಅವರ್ಸಾ ಬರುವಷ್ಟರಲ್ಲಿ ಅವಳಿಗೆ ಅದು ಹಿಡಿಸಿತು. ಆಗ ಶುರುವಾಯಿತು, "ನಮಾನ್ ಮರಿಯೆ", ಜಪಸರದಲ್ಲಿ ಮತ್ತೆ ಮತ್ತೆ ಹೇಳುವ ಮರಿಯಮ್ಮನ ಕೊಂಕಣಿ ಪ್ರಾರ್ಥನೆ. ಒಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿದಿದ್ದಳು, ಜಪಸರ ಹಿಡಿಯಲು ಕೈ ಇಲ್ಲ. ಇನ್ನೊಂದು ಕೈ ನನ್ನ ಭುಜದ ಮೇಲೆ. ಒಂದು ಜಪಕ್ಕೆ ಒಂದು ಬೆರಳು ಒತ್ತುತ್ತಾ ಲೆಕ್ಕ ಇಡುತ್ತಿದ್ದಳು. ಹತ್ತು ಮುಗಿದರೆ ಅಂಗೈ ಪೂರ್ತಿ ಇಟ್ಟು ಒಂದು ಸಣ್ಣ ಪೆಟ್ಟು. ಮಾತು ಗಾಳಿಗೆ ಹೋಗುತ್ತಿತ್ತು, ಬೆರಳು ಮಾತ್ರ ನನಗೆ ಗೊತ್ತಾಗುತ್ತಿತ್ತು. ಅದಕ್ಕೆ ಸರಿಯಾಗಿ ನಾನೂ ಒಳಗೇ ಹೇಳುತ್ತಾ ಹೋದೆ.

ಅಂಕೋಲಾ ದಾಟಿ ಶಿರೂರು. ಅದೇ ವರ್ಷ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ, ಪಕ್ಕದ ಚಹಾ ಅಂಗಡಿಯನ್ನೂ, ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿದ ಜಾಗ. ಕೇರಳದ ಲಾರಿ ಚಾಲಕನನ್ನು ಹುಡುಕಲು ಸೆಪ್ಟೆಂಬರ್‌ವರೆಗೆ ಬೇಕಾಯಿತು. ಆ ಅಂಗಡಿಯಲ್ಲಿ ನಾನೂ ಚಹಾ ಕುಡಿದಿದ್ದೆ. ದೂರದ ದಾರಿ ಓಡಿಸುವವರಿಗೆ ಅಂಥ ಅಂಗಡಿಗಳು ಎಷ್ಟು ದೊಡ್ಡ ಆಸರೆ ಅಂತ ಓಡಿಸುವವರಿಗೇ ಗೊತ್ತು. ಅಮ್ಮನ ಬೆರಳು ನಿಂತಿತು. "ಇಲ್ಲೇ ಅಲ್ವಾ?" ಅಂದಳು. ಗುಡ್ಡದ ಕೆಳಗೆ ನಿಲ್ಲಿಸುವ ಹಾಗಿಲ್ಲ. ಸ್ವಲ್ಪ ಮುಂದೆ, ರಸ್ತೆ ಅಗಲ ಇದ್ದ ಕಡೆ ನಿಲ್ಲಿಸಿದೆ. ಹೆಲ್ಮೆಟ್ ತೆಗೆದು ನದಿಯ ಕಡೆ ತಿರುಗಿ ಅವಳು ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಹೇಳಿದಳು. ಅಲ್ಲಿ ಹೋದವರಲ್ಲಿ ನಮ್ಮ ಇಗರ್ಜಿಯವರು ಯಾರೂ ಇರಲಿಲ್ಲ ಅಂತ ಅವಳಿಗೂ ಗೊತ್ತು. ಅವಳ ನಂಬಿಕೆಗೆ ಅಂಥ ಬೇಲಿ ಇಲ್ಲ. ಅವಳಿಂದ ನಾನು ಕಲಿತ ಕ್ರಿಸ್ತ ಧರ್ಮವೂ ಅದೇ.

ಗಂಗಾವಳಿ, ಹಿರೇಗುತ್ತಿ, ಮಿರ್ಜಾನ. ಮಳೆ ಬಿಟ್ಟಿತ್ತು. ನಾನು ಸಂತ ಫ್ರಾನ್ಸಿಸ್ ಝೇವಿಯರರ ಬಗ್ಗೆ ಯೋಚಿಸುತ್ತಿದ್ದೆ. ನಮ್ಮವರು ಅವರ ಹತ್ತಿರ ಕಾಯಿಲೆ ವಾಸಿಯಾಗಲಿ ಅಂತ ಕೇಳುತ್ತಾರೆ. ನನಗೆ ಅವರು ಹತ್ತಿರದವರು ಅನಿಸುವುದು ದಾರಿಯಲ್ಲೇ ಬದುಕು ಕಳೆದವರು ಅಂತ. 1542ರಲ್ಲಿ ಗೋವಾಕ್ಕೆ ಬಂದು, ಮಲಕ್ಕಾ ದಾಟಿ, 1549ರಲ್ಲಿ ಜಪಾನ್ ಮುಟ್ಟಿ, 1552ರ ಡಿಸೆಂಬರ್ 3ರಂದು ಚೀನಾದ ದಡ ಕಾಣುವ ದ್ವೀಪವೊಂದರಲ್ಲಿ 46ನೇ ವಯಸ್ಸಿಗೆ ತೀರಿಕೊಂಡರು. ಆದರೆ ಇಲ್ಲಿಗೆ ಬರಬೇಕಿದ್ದವರು ಅವರಲ್ಲ. ಮೊದಲು ಆರಿಸಿದ್ದವರಿಗೆ ಹುಷಾರು ತಪ್ಪಿತು, ಅವರ ಬದಲಿಗೆ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಇವರನ್ನು ಕೇಳಿದರು. ಇವರು ಹೊರಟರು. ಅಷ್ಟು ದೇಶ ಸುತ್ತಿದ ಮನುಷ್ಯ ಹೊರಟದ್ದು ಇನ್ನೊಬ್ಬರು ಕೇಳಿದ್ದಕ್ಕೆ.

ಬೈಕ್ ಓಡಿಸುವ ಗೆಳೆಯರು ಸ್ವಾತಂತ್ರ್ಯ ಅಂದರೆ ಯಾರಿಗೂ ಉತ್ತರ ಕೊಡದೆ ಇರೋದು ಅನ್ನುತ್ತಾರೆ. ಸಂತ ಪೌಲ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಬೇರೆ ಥರ ಹೇಳುತ್ತಾನೆ. ಬಿಡುಗಡೆಯಾದವರು ನೀವು, ಆ ಬಿಡುಗಡೆಯಿಂದ ಪ್ರೀತಿಯಲ್ಲಿ ಒಬ್ಬರಿಗೊಬ್ಬರು ಸೇವೆ ಮಾಡಿ ಅನ್ನುವ ಅರ್ಥದ ಮಾತು ಅಲ್ಲಿದೆ. ಆ ಭಾಗ ಓದುವಾಗೆಲ್ಲ ಅದು ನನ್ನ ಒಂಟಿ ಓಡಾಟದ ವಿರುದ್ಧ ಅಂತ ನನಗೆ ಸಣ್ಣ ಅಂಜಿಕೆ ಇತ್ತು. ಅವತ್ತು ಹಿಂದೆ ಅಮ್ಮನ ಭಾರ, ಭುಜದ ಮೇಲೆ ಅವಳ ಬೆರಳು. ಒಬ್ಬಳೇ ಇದ್ದಾಗ ಎಷ್ಟು ಹಗುರ ಇರುತ್ತೇನೋ ಅಷ್ಟೇ ಹಗುರವಾಗಿದ್ದೆ. ಅಂಜಿಕೆ ಹೋಯಿತು.

ಚಂದಾವರ ಹಳೇ ಕೋಟೆಯ ಊರು. ಫೆಸ್ತದ ದಿನ ಕ್ರೈಸ್ತರಷ್ಟೇ ಅಲ್ಲ, ಸುತ್ತಲಿನ ಹಿಂದೂ ಮನೆಗಳವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಗಾಡಿ ನಿಲ್ಲಿಸಿದೆ. ಪರಿಚಯದವರ ಮನೆಗೆ ಹೋಗಿ ಸೀರೆ ಉಡೋಣವಾ ಅಂದೆ. ಅಮ್ಮ ಚೀಲ ನೋಡಿದಳು, ಇಗರ್ಜಿ ನೋಡಿದಳು. ಗಂಟೆ ಆಗಲೇ ಹೊಡೆಯುತ್ತಿತ್ತು. "ಬೇಡ. ನಾನು ಯಾರು ಅಂತ ದೇವರಿಗೆ ಗೊತ್ತು," ಅಂದು ದುಪಟ್ಟಾ ತಲೆ ಮೇಲೆ ಎಳೆದುಕೊಂಡು ನಡೆದಳು.

ಪೂಜೆ ಮುಗಿದ ಮೇಲೆ ನಮ್ಮ ಕಡೆಯಿಂದ ಬಸ್ಸಿನಲ್ಲಿ ಬಂದ ಹೆಂಗಸರು ಸಿಕ್ಕರು. ಹಳೇ ಗೋವಾದಲ್ಲಿ ಆಗ ಸಂತ ಝೇವಿಯರರ ಪಾರ್ಥಿವ ಶರೀರದ ದರ್ಶನ ನಡೆದಿತ್ತು, ಜನವರಿ 5ರವರೆಗೆ. ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಬಸ್ಸಲ್ಲಿ ನಿಮಗೊಂದು ಸೀಟು ಹಿಡಿಯಲಾ ಅಂತ ಅವರು ಅಮ್ಮನನ್ನು ಕೇಳಿದರು.

"ಬೇಡ," ಅಂದಳು ಅಮ್ಮ. "ನಾವು ಗಾಡಿಯಲ್ಲಿ ಹೋಗ್ತೇವೆ."

ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಕ್ರಿಸ್‌ಮಸ್ ಮುಗಿದ ವಾರ ರಜೆ ಹಾಕಿ ಹೊರಟೆವು. ಕಾಳಿ ನದಿಯ ಹಳೇ ಸೇತುವೆ ಆಗಸ್ಟ್‌ನಲ್ಲಿ ಬಿದ್ದದ್ದರಿಂದ ಹೊಸದರ ಮೇಲೇ ಎರಡೂ ಕಡೆಯ ಗಾಡಿಗಳು. ಪೋಳೆಂ ದಾಟಿ ಕಾಣಕೋಣ, ಅಲ್ಲಿಂದ ಕರ್ಮಲ್ ಘಾಟ್. ಆ ತಿರುವುಗಳಲ್ಲಿ ಅಮ್ಮ ನಾನು ಹೇಳುವ ಮೊದಲೇ ಸರಿಯಾದ ಕಡೆಗೆ ವಾಲುತ್ತಿದ್ದಳು.