ಸೆಗೂ ಹತ್ತಿರದ ಒಂದು ರಾತ್ರಿ

ಆಫ್ರಿಕಾ ಸುತ್ತಿದ ಅನ್ವೇಷಕ ಮುಂಗೋ ಪಾರ್ಕ್ ಪ್ರವಾಸದ ಒಂದು ರಾತ್ರಿ ತಲೆಯಿಂದ ಹೋಗುತ್ತಲೇ ಇಲ್ಲ. 1796ರ ಜುಲೈ. ಸ್ಕಾಟ್ಲೆಂಡಿನ ಈ ಯುವಕ ಈಗಿನ ಮಾಲಿ ದೇಶದ ಸೆಗೂ ಬಳಿ ನೈಜರ್ ನದಿ ತಲುಪಿದ್ದ. ಹೊಳೆ ದಾಟಬೇಡ ಎಂದು ಅಲ್ಲಿನ ರಾಜ ಮಾನ್ಸಾಂಗ್ ಹೇಳಿಕಳಿಸಿದ. ಹಳ್ಳಿಯಲ್ಲಿ ಯಾರೂ ಒಳಗೆ ಸೇರಿಸಲಿಲ್ಲ. ಇಡೀ ದಿನ ಉಪವಾಸ, ಮರದ ಕೆಳಗೆ. ಸಂಜೆ ಗಾಳಿ ಎದ್ದಿತು, ಮಳೆ ಬರುವ ಹಾಗಿತ್ತು.

ಹೊಲದಿಂದ ವಾಪಸಾಗುತ್ತಿದ್ದ ಹೆಂಗಸೊಬ್ಬಳು ಅವನನ್ನು ವಿಚಾರಿಸಿದಳು. ಕುದುರೆಯ ಜೀನು, ಲಗಾಮು ತಾನೇ ಎತ್ತಿಕೊಂಡು ಮನೆಗೆ ಕರೆದೊಯ್ದಳು. ಕೆಂಡದಲ್ಲಿ ಮೀನು ಸುಟ್ಟು ಕೊಟ್ಟಳು, ಚಾಪೆ ಹಾಸಿದಳು. ಮನೆಯ ಹೆಂಗಸರು ಬಹಳ ಹೊತ್ತು ಹತ್ತಿ ನೂಲುತ್ತಾ, ಹಾಲು ಕೊಡುವ ತಾಯಿಯೂ ಇಲ್ಲದ ಪಾಪದವನು ಅಂತ ಅವನ ಮೇಲೆಯೇ ಹಾಡು ಕಟ್ಟಿದರು.

ಯುರೋಪಿನವರು ಆಫ್ರಿಕಾವನ್ನು ನೋಡಿ ಬರೆದರು ಅಂತಲೇ ನಾವು ಓದಿದ್ದು. ಆ ರಾತ್ರಿ ಅವನನ್ನು ನೋಡಿ ಕಥೆ ಕಟ್ಟಿದ್ದು ಆ ಹೆಂಗಸರು ಅಲ್ವಾ? ಬೆಳಿಗ್ಗೆ ತನ್ನ ಅಂಗಿಯಲ್ಲಿ ಉಳಿದಿದ್ದ ನಾಲ್ಕು ಹಿತ್ತಾಳೆ ಗುಂಡಿಗಳಲ್ಲಿ ಎರಡನ್ನು ಅವಳಿಗೆ ಕೊಟ್ಟ. ಅವಳ ಹೆಸರು ಮಾತ್ರ ಬರೆದಿಡಲಿಲ್ಲ. ಅದು ನನಗೆ ತುಂಬಾ ನೋವಿನ ವಿಷಯ.

1805ರಲ್ಲಿ ಅವನು ಮತ್ತೆ ಬಂದ, ಈ ಸಲ ಸೈನಿಕರ ಜೊತೆ. ಅಡ್ಡ ಬಂದ ದೋಣಿಗಳ ಮೇಲೆ ಗುಂಡು ಹಾರಿಸುತ್ತಾ ಅದೇ ನದಿಯಲ್ಲಿ ಸಾಗಿದ, ಈಗಿನ ನೈಜೀರಿಯಾದ ಬುಸ್ಸಾ ಬಳಿ ಸತ್ತ.