ಆಂಟಿಬಾಡಿಯನ್ನು ನೆಟ್ಟಗೆ ನಿಲ್ಲಿಸುವ ಕೆಲಸ

ಗಾಜಿನ ಮೇಲೆ ಆಂಟಿಬಾಡಿ ಕೂರಿಸಿ, ಅದು ಹಿಡಿಯುವ ವಸ್ತುವನ್ನು (ಆಂಟಿಜೆನ್) ಪತ್ತೆ ಮಾಡುವ ಸೆನ್ಸರ್ ಮಾಡುತ್ತಿದ್ದೇನೆ. ಅದರ ಸ್ಲೈಡ್‌ಗಳ ತಳಪಾಯ ಸಿದ್ಧವಾಗಿದೆ. ಗಾಜನ್ನು ತೊಳೆದು, ಎಪಿಟಿಇಎಸ್ ಎಂಬ ಸಿಲೇನ್ (ಗಾಜಿಗೆ ಅಂಟುವ ಸಿಲಿಕಾನ್ ಸಂಯುಕ್ತ) ಹಚ್ಚಿ, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದೆ. ಈಗ ಗಾಜಿನ ತುಂಬ ಅಮೈನ್ ಗುಂಪುಗಳಿವೆ, ಅಂದರೆ ಸಾರಜನಕ ಇರುವ ತುದಿಗಳು. ಅದರ ಮೇಲೆ ಎರಡೂ ತುದಿಯಲ್ಲಿ ಆಲ್ಡಿಹೈಡ್ ಇರುವ ಗ್ಲುಟರಾಲ್ಡಿಹೈಡ್. ಅದರ ಒಂದು ತುದಿ ಗಾಜಿನ ಅಮೈನನ್ನು ಹಿಡಿದರೆ, ಇನ್ನೊಂದು ತುದಿ ಪ್ರೋಟೀನಿನ ಲೈಸಿನ್‌ಗಾಗಿ (ಇದೂ ಅಮೈನ್ ತುದಿ ಇರುವ ಅಮೈನೋ ಆಮ್ಲ) ಕಾಯುತ್ತದೆ. ಬಫರ್ (ಪಿಎಚ್ ಕಾಯುವ ದ್ರಾವಣ) ಪಿಬಿಎಸ್, ಅಂದರೆ ಫಾಸ್ಫೇಟಿನ ಉಪ್ಪುನೀರು ಮಾತ್ರ. ಟ್ರಿಸ್ ಎಂಬ ಬಫರ್ ಬೇಡವೇ ಬೇಡ, ಅದರ ಅಮೈನ್‌ಗಳೇ ಆಲ್ಡಿಹೈಡನ್ನು ತಿಂದು ಮುಗಿಸುತ್ತವೆ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಮುಂದಿನ ಹಂತ. ಐಜಿಜಿ ಎಂಬ ಬಗೆಯ ಆಂಟಿಬಾಡಿಗೆ ಎರಡು ತೋಳು, ಒಂದು ಬಾಲ. ಆಂಟಿಜೆನ್ ಹಿಡಿಯುವುದು ತೋಳಿನ ತುದಿಗಳು. ಆದರೆ ಲೈಸಿನ್ ಇರುವುದು ಮೈತುಂಬ. ನೇರವಾಗಿ ಅಂಟಿಸಿದರೆ ಕೆಲವು ನಿಲ್ಲುತ್ತವೆ, ಕೆಲವು ಮಲಗುತ್ತವೆ, ಕೆಲವು ತಲೆಕೆಳಗಾಗುತ್ತವೆ. ತಲೆಕೆಳಗಾದದ್ದು ಗಾಜಿನ ಮೇಲೆ ಇದ್ದೂ ಇಲ್ಲದಂತೆಯೇ ಅಲ್ವಾ? ಅದಕ್ಕೇ ಈ ಸಲ ನಡುವೆ ಪ್ರೋಟೀನ್ ಎ ಪದರ ಹಾಕಿದೆ. ಸ್ಟಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಈ ಪ್ರೋಟೀನ್ ಹಿಡಿಯುವುದು ಮುಖ್ಯವಾಗಿ ಬಾಲವನ್ನು. ಅದರಲ್ಲಿ ಹಿಡಿಯುವ ಭಾಗಗಳು ಐದಿವೆ. ಹಾಗಾಗಿ ಅದು ಸ್ವಲ್ಪ ಅಡ್ಡಾದಿಡ್ಡಿ ಕೂತರೂ ಒಂದೆರಡು ಭಾಗ ಹೊರಗೆ ಉಳಿಯುತ್ತವೆ. ಉಳಿದ ಆಲ್ಡಿಹೈಡನ್ನು ಎಥನಾಲಮೈನ್‌ನಿಂದ ಮುಚ್ಚಿ, ಖಾಲಿ ಜಾಗಕ್ಕೆ ಬಿಎಸ್ಎ (ಹಸುವಿನ ರಕ್ತದ ಪ್ರೋಟೀನ್) ಕೊಟ್ಟೆ.

ಆಂಟಿಬಾಡಿ ಯಾವ ಪ್ರಾಣಿಯದು ಎಂದು ಮೊದಲೇ ನೋಡಬೇಕು. ಮೊಲದ ಐಜಿಜಿಯನ್ನು ಪ್ರೋಟೀನ್ ಎ ಗಟ್ಟಿಯಾಗಿ ಹಿಡಿಯುತ್ತದೆ. ಮೇಕೆಯ ಐಜಿಜಿ ಅಥವಾ ಇಲಿಯ ಐಜಿಜಿ1 (ಐಜಿಜಿಯ ಒಂದು ಉಪಬಗೆ) ಆದರೆ ಹಿಡಿತ ಸಡಿಲ, ಅಲ್ಲಿ ಇಂಥದೇ ಇನ್ನೊಂದಾದ ಪ್ರೋಟೀನ್ ಜಿ ಬೇಕು. ನನ್ನದು ಮೊಲದ್ದು.

ಪ್ರೋಟೀನ್ ಎ ಇರುವ ಮತ್ತು ನೇರವಾಗಿ ಅಂಟಿಸಿದ ಅಕ್ಕಪಕ್ಕದ ಸಾಲುಗಳಲ್ಲಿ ಒಂದೇ ಸಾಂದ್ರತೆಯ ಹನಿಗಳನ್ನಿಟ್ಟು ಹೋಲಿಸಿದೆ. ಪ್ರೋಟೀನ್ ಎ ಸಾಲು ಎದ್ದು ಕಾಣುವಷ್ಟು ಜಾಸ್ತಿ ಹೊಳೆಯಿತು. ಇಷ್ಟಕ್ಕೇ ಸಂಭ್ರಮಿಸುವಂತಿಲ್ಲ. ಖಾಲಿ ಉಳಿದ ಪ್ರೋಟೀನ್ ಎ, ಪತ್ತೆಗೆ ಬಳಸುವ ಎರಡನೇ ಆಂಟಿಬಾಡಿಯನ್ನೂ ಹಿಡಿದುಬಿಡಬಹುದು. ಆಂಟಿಜೆನ್ ಇಲ್ಲದ ಹನಿಯೂ ಹೊಳೆದರೆ ಆ ಸೆನ್ಸರನ್ನು ನಂಬುವುದು ಹೇಗೆ? ಬಿಎಸ್ಎ ಇದನ್ನು ತಡೆಯುವುದಿಲ್ಲ. ಅದಕ್ಕೆ ಪತ್ತೆಯ ಕೆಲಸಕ್ಕೆ ಕೋಳಿಯ ಆಂಟಿಬಾಡಿಯಾದ ಐಜಿವೈ ಆರಿಸಿಕೊಂಡಿದ್ದೇನೆ. ಪ್ರೋಟೀನ್ ಎ ಅದನ್ನು ಹಿಡಿಯುವುದಿಲ್ಲ.

ಹನಿ ಒಣಗುವ ರೀತಿಯ ಬಗ್ಗೆಯೂ ಹೇಳಲೇಬೇಕು. ರಸಾಯನಶಾಸ್ತ್ರಕ್ಕೆ ಕೊಡುವ ಗಮನದ ಅರ್ಧವನ್ನೂ ಇದಕ್ಕೆ ಯಾರೂ ಕೊಡುವುದಿಲ್ಲ. ಬೇಗ ಒಣಗಿದರೆ ಪ್ರೋಟೀನ್ ಅಂಚಿಗೆ ಸರಿದು, ಕಾಫಿ ಲೋಟದ ಕಲೆಯಂತೆ ಉಂಗುರ ಬೀಳುತ್ತದೆ. ನಡುಭಾಗ ಮಂಕು. ಆಮೇಲೆ ಯಾವ ಸಂಖ್ಯೆ ಅಳೆದರೂ ಅದು ಸುಮ್ನೆ. ಬಫರಿಗೆ ಸ್ವಲ್ಪ ಗ್ಲಿಸರಾಲ್ ಸೇರಿಸಿ, ಸ್ಲೈಡನ್ನು ತೇವದ ಡಬ್ಬಿಯಲ್ಲಿ ಇಟ್ಟ ಮೇಲೆ ಹನಿಗಳು ಒಂದೇ ಸಮ ಬಂದಿವೆ.

ಮುಂದೆ ಐಜಿವೈ ಬಂದ ಕೂಡಲೇ, ಆಂಟಿಜೆನ್ ಇರುವ ಮತ್ತು ಇಲ್ಲದ ಸಾಲುಗಳನ್ನು ಒಂದೇ ಸ್ಲೈಡಿನಲ್ಲಿ ಓಡಿಸುತ್ತೇನೆ.